ಕೊರಿಯನ್ ಊಟದ ಮೇಜಿನಲ್ಲಿ ಎರಡು ಪ್ರಶ್ನೆಗಳು

ಕಳೆದ ವರ್ಷ ಮಗಳ ಕಾಲೇಜು ಸೇರ್ಪಡೆಗೆಂದು ಹೆಬ್ರಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದೆವು. ನಾನು, ಮಡದಿ, ಮಗಳು, ಜೊತೆಗೆ ಎಪ್ಪತ್ತು ದಾಟಿದ ನನ್ನ ಅಮ್ಮಿ. ಕೆಲಸ ಮುಗಿದ ಸಂತೋಷಕ್ಕೆ ಎಲ್ಲಿ ಊಟ ಮಾಡೋಣ ಎಂದು ಮಗಳನ್ನು ಕೇಳಿದೆ. ಬಿರಿಯಾನಿ ಎನ್ನುತ್ತಾಳೆ ಎಂದುಕೊಂಡಿದ್ದೆ. "ಅಬ್ಬಾ, ಕೊರಿಯನ್ ಹೋಟೆಲಿಗೆ ಹೋಗೋಣ" ಎಂದಳು. ಟಿ.ವಿ., ಮೊಬೈಲುಗಳಲ್ಲಿ ಕೊರಿಯಾದ ಧಾರಾವಾಹಿ ನೋಡಿ ನೋಡಿ ಆ ಊಟದ ಆಸೆ ಅವಳಿಗೆ ಹತ್ತಿತ್ತು. ಬೇಡ ಎನ್ನಲು ಮನಸ್ಸಾಗಲಿಲ್ಲ.

ಹೋಟೆಲಿನಲ್ಲಿ ಕುಳಿತೊಡನೆ ನಾನು ಕೇಳಿದ ಮೊದಲ ಮಾತು, "ಮಾಂಸ ಹಲಾಲ್ ತಾನೇ?" ಎಂದು. ಬಡಿಸುವ ಹುಡುಗ, "ಹೌದು ಸರ್, ಕೋಳಿಯನ್ನು ಹಲಾಲ್ ಅಂಗಡಿಯಿಂದಲೇ ತರುತ್ತೇವೆ" ಎಂದ. ನನಗೆ ಅಷ್ಟು ಸಾಕಾಗಿತ್ತು. ಮಗಳು ಬಿಡಲಿಲ್ಲ. "ಅಣ್ಣಾ, ಹಂದಿಮಾಂಸ ಸುಡುವ ಹೆಂಚು ಬೇರೆ ಇದೆಯಾ? ಕತ್ತರಿ ಬೇರೆ ಇದೆಯಾ? ಕೋಳಿ ನೆನೆಸುವ ರಸಕ್ಕೆ ವೈನ್ ಹಾಕುತ್ತೀರಾ?" ಎಂದು ಕೇಳಿದಳು. ಆ ಹುಡುಗ ಒಳಗೆ ಹೋಗಿ ವಿಚಾರಿಸಿ ಬಂದು ಪ್ರಾಮಾಣಿಕವಾಗಿ ಹೇಳಿದ: ಹೆಂಚು ಒಂದೇ, ಕತ್ತರಿ ಒಂದೇ, ರಸಕ್ಕೆ ಅಡುಗೆಯ ವೈನ್ ಸ್ವಲ್ಪ ಹಾಕುತ್ತಾರೆ. ಅವನಿಗೆ ಅಲ್ಲಾಹನು ಒಳಿತು ಮಾಡಲಿ. ನಾವು ಕೋಳಿ ಬಿಟ್ಟು ತರಕಾರಿ, ಮೊಟ್ಟೆ ಹಾಕಿದ ಅನ್ನ ಮತ್ತು ಸೋಯಾ ಹಿಟ್ಟಿನ ಸಾರು ತರಿಸಿದೆವು. ಸಾರಿಗೆ ಮಾಂಸ ಬೇಡ ಎಂದು ಹೇಳಿದೆವು.

ಅಮ್ಮಿಗೆ ಖಾರದ ಅನ್ನ ಹಿಡಿಸಲಿಲ್ಲ. ಬಿಸಿ ಸಾರು ಹಿತವಾಯಿತು. ಮೊಮ್ಮಗಳು ಪ್ರೀತಿಯಿಂದ ಬಡಿಸಿದಳು, ಅವರು ಎರಡು ಬಟ್ಟಲು ಕುಡಿದರು, ಪಕ್ಕದ ಉಪ್ಪಿನಕಾಯಿಗಳನ್ನೂ ತಿಂದರು. ಅಮ್ಮಿಗೆ ಹೃದಯದ ದೌರ್ಬಲ್ಯವಿದೆ, ಬಿ.ಪಿ. ಮಾತ್ರೆ ಮತ್ತು ನೀರು ಇಳಿಸುವ ಮಾತ್ರೆ ನಡೆಯುತ್ತಿದೆ. ಮರುದಿನ ಬೆಳಗಿನ ಜಾವ ಮಲಗಲಾಗದೆ ಎದ್ದು ಕುಳಿತರು. ಕಾಲು ಊದಿತ್ತು, ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಗೆ ಓಡಿದೆವು. ಅಲ್ಲಿನ ವೈದ್ಯರು ಇಂಜೆಕ್ಷನ್ ಕೊಡುತ್ತಾ ಕೇಳಿದ್ದು ಒಂದೇ ಮಾತು: "ನಿನ್ನೆ ಏನು ಊಟ ಮಾಡಿಸಿದಿರಿ?"

ಅಲ್ಹಮ್ದುಲಿಲ್ಲಾಹ್, ಎರಡು ದಿನದಲ್ಲಿ ಚೇತರಿಸಿಕೊಂಡರು. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ದಿನವೂ ಹತ್ತಾರು ರೋಗಿಗಳಿಗೆ ಪಥ್ಯ ಹೇಳುವವನು ನಾನು. ಹಲಾಲ್ ಯಾವುದು ಎಂದು ಕೇಳುವ ಭರದಲ್ಲಿ, ಆ ಊಟ ನನ್ನ ಅಮ್ಮಿಯ ಶರೀರಕ್ಕೆ ಸರಿಯೇ ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ. ಕುರ್‌ಆನಿನ ಅಲ್‌ಬಕರ ಅಧ್ಯಾಯದ 168ನೇ ಸೂಕ್ತದಲ್ಲಿ ಹಲಾಲ್ ಮತ್ತು ತಯ್ಯಿಬ್ ಎಂಬ ಎರಡು ಪದಗಳು ಜೊತೆಯಾಗಿ ಬಂದಿವೆ. ಧರ್ಮಸಮ್ಮತವಾಗಿರಬೇಕು, ಶುದ್ಧವೂ ಒಳ್ಳೆಯದೂ ಆಗಿರಬೇಕು. ನಾವು ಮೊದಲ ಪದವನ್ನು ಮಾತ್ರ ಹಿಡಿದುಕೊಂಡು ಹೋಟೆಲಿಗೆ ಹೋಗುತ್ತೇವೆ. ಈ ಲೇಖನ ಎರಡೂ ಪದಗಳ ಬಗ್ಗೆ.

ಬೆಂಗಳೂರಿಗೆ ಬಂದ ಕೊರಿಯಾ

ಸ್ಯಾಮ್‌ಸಂಗ್, ಎಲ್.ಜಿ. ಮುಂತಾದ ಕೊರಿಯಾದ ಕಂಪನಿಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೇಂದ್ರಗಳನ್ನು ತೆರೆದವು. ಅವುಗಳ ಹಿಂದೆ ಕೊರಿಯನ್ ಕುಟುಂಬಗಳು ಬಂದವು, ಅವರ ಊಟದ ಹೋಟೆಲುಗಳೂ ಬಂದವು. ಕ್ಯಾಸಲ್ ಸ್ಟ್ರೀಟಿನ ಹೇ ಕುಮ್ ಗಂಗ್ ಅಂಥ ಪರಿಚಿತ ಹೆಸರುಗಳಲ್ಲಿ ಒಂದು. ಈಗ ಅಲ್ಲಿ ನಮ್ಮ ಮಕ್ಕಳದ್ದೇ ಗುಂಪು. ಬೆಂಗಳೂರಿಗೆ ಹೋಗದವರ ಮನೆಗೂ ಕೊರಿಯಾ ಬಂದಿದೆ. ಮಣಿಪಾಲ, ಉಡುಪಿಯ ಸೂಪರ್ ಮಾರ್ಕೆಟುಗಳಲ್ಲಿ ಕೆಂಪು, ಕಪ್ಪು ಪ್ಯಾಕೆಟಿನ ಕೊರಿಯನ್ ನೂಡಲ್ಸ್ ಸಾಲಾಗಿ ಇರುತ್ತದೆ.

ಈ ಊಟ ನಮಗೆ ಪೂರ್ತಿ ಅಪರಿಚಿತವೇನಲ್ಲ. ಅನ್ನವೇ ಮುಖ್ಯ, ಸುತ್ತ ಸಣ್ಣ ಬಟ್ಟಲುಗಳಲ್ಲಿ ಪಲ್ಯ, ಉಪ್ಪಿನಕಾಯಿ, ಒಣಮೀನು. ಈ ಬಟ್ಟಲುಗಳಿಗೆ ಬಂಚಾನ್ ಎಂದು ಹೆಸರು. ಕಿಮ್ಚಿ ಎಂದರೆ ಉದ್ದನೆಯ ಎಲೆಕೋಸನ್ನು ಉಪ್ಪಿನಲ್ಲಿ ನೆನೆಸಿ, ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ ಸವರಿ ಹುಳಿ ಬರಿಸಿದ್ದು. ಚಳಿಗಾಲಕ್ಕೆ ಮುಂಚೆ ಊರಿನ ಹೆಂಗಸರೆಲ್ಲ ಸೇರಿ ಕಿಮ್ಚಿ ಹಾಕುವ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆಗಾಲಕ್ಕೆಂದು ಹಲಸಿನ ತೊಳೆಯನ್ನು ಉಪ್ಪುನೀರಿನಲ್ಲಿ ಹಾಕಿಡುವ, ಮಿಡಿ ಮಾವಿನ ಭರಣಿ ತುಂಬುವ ನಮ್ಮ ಕಡೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಜಿನಲ್ಲಿ ಹಿರಿಯರು ಚಮಚ ಎತ್ತುವವರೆಗೆ ಕಿರಿಯರು ಕಾಯುವ ಪದ್ಧತಿಯೂ ಅವರಲ್ಲಿದೆ. ಇದನ್ನು ನಮ್ಮ ಮಕ್ಕಳಿಗೆ ಧಾರಾವಾಹಿಗಳೇ ಕಲಿಸಿದರೆ ನಷ್ಟವಿಲ್ಲ.

ಮೊದಲ ಪ್ರಶ್ನೆ: ಇದರಲ್ಲಿ ಏನಿದೆ?

ಕೊರಿಯನ್ ಅಡುಗೆಯಲ್ಲಿ ಹಂದಿಮಾಂಸ ಮತ್ತು ಮದ್ಯ ಎರಡೂ ಸಾಮಾನ್ಯ. ಸಮ್‌ಗ್ಯೊಪ್‌ಸಾಲ್ ಎಂಬುದು ಹಂದಿಯ ಹೊಟ್ಟೆಯ ಮಾಂಸ. ಸುಂಡೇ ಎಂದರೆ ರಕ್ತ ತುಂಬಿದ ಕರುಳು, ನಾವು ಐಸ್‌ಕ್ರೀಮಿಗೆ ಹೇಳುವ ಸಂಡೇ ಅಲ್ಲ. ಸೋಜು, ಮಕ್ಕೊಲ್ಲಿ ಮದ್ಯಗಳು. ಇವುಗಳಿಂದ ದೂರವಿರುವುದು ಕಷ್ಟವಲ್ಲ, ಹೆಸರು ಗೊತ್ತಿದ್ದರೆ ಸಾಕು. ಕಷ್ಟ ಇರುವುದು ಒಳಗೆ ಅಡಗಿರುವುದರಲ್ಲಿ.

ಕಿಮ್ಚಿ ಸಾರಿನಲ್ಲಿ ಹೆಚ್ಚಾಗಿ ಹಂದಿಮಾಂಸವೇ ಇರುತ್ತದೆ. ಮಂಡು ಎಂಬ ಕಡುಬಿನ ಒಳಗೂ ಅದೇ ಇರಬಹುದು. ಗಿಂಬಾಪ್ ಎಂಬ ಅನ್ನದ ಸುರುಳಿಯಲ್ಲಿ ಹ್ಯಾಮ್ ಇರುತ್ತದೆ, ನೋಡಲು ತರಕಾರಿಯಂತೆಯೇ ಕಾಣುತ್ತದೆ. ಬುಲ್‌ಗೋಗಿಯಂಥ ಮಾಂಸವನ್ನು ಸೋಯಾ ರಸದಲ್ಲಿ ನೆನೆಸುವಾಗ ವಾಸನೆ ಹೋಗಲೆಂದು ಅಕ್ಕಿಯ ವೈನ್ ಸೇರಿಸುತ್ತಾರೆ. ಗೊಚುಜಂಗ್ ಎಂಬ ಕೆಂಪು ಖಾರದ ಹಿಟ್ಟಿನ ಕೆಲವು ಡಬ್ಬಗಳಲ್ಲಿ ಕೆಡದಂತೆ ಮದ್ಯಸಾರ ಸೇರಿಸಿರುತ್ತಾರೆ, ಅದನ್ನು ಲೇಬಲಿನಲ್ಲಿ ಬರೆದಿರುತ್ತಾರೆ. ಇನ್ನು ಹೆಂಚು, ಇಕ್ಕಳ, ಕತ್ತರಿ. ಮಾಂಸವನ್ನು ಮೇಜಿನ ಮೇಲೆಯೇ ಸುಟ್ಟು ಕತ್ತರಿಯಿಂದ ತುಂಡರಿಸುವುದು ಅವರ ಕ್ರಮ. ಪಕ್ಕದ ಮೇಜಿನ ಹಂದಿಯೂ ನಿಮ್ಮ ಕೋಳಿಯೂ ಒಂದೇ ಕತ್ತರಿಯನ್ನು ಕಂಡಿರಬಹುದು.

ಸಮುದ್ರದ ಆಹಾರದ ಮಾತು ಬೇರೆ. ಕಿಮ್ಚಿಗೆ ಉಪ್ಪಿನಲ್ಲಿ ಕೊಳೆಸಿದ ಸೀಗಡಿ ಅಥವಾ ಮೀನಿನ ರಸ ಹಾಕುವುದು ವಾಡಿಕೆ. ಮೇಜಿಗೆ ಬೊಂಡಾಸ್, ಮರುವಾಯಿ, ಅಷ್ಟಪದಿ ಬರುತ್ತವೆ. ನಮ್ಮ ಜಿಲ್ಲೆಯಲ್ಲಿ ಬ್ಯಾರಿ ಕುಟುಂಬಗಳು ಶಾಫಿ ಮದ್‌ಹಬ್‌ನವರು, ಉರ್ದು ಮಾತನಾಡುವ ನಮ್ಮಂಥವರು ಹೆಚ್ಚಾಗಿ ಹನಫಿಗಳು. ಶಾಫಿಗಳಲ್ಲಿ ಸಮುದ್ರದ ಆಹಾರಕ್ಕೆ ವಿಶಾಲ ಅನುಮತಿ ಇದೆ. ಹನಫಿಗಳಲ್ಲಿ ಮೀನಿಗಷ್ಟೇ, ಸೀಗಡಿಯ ಬಗ್ಗೆ ಅವರ ಉಲಮಾಗಳಲ್ಲೇ ಭಿನ್ನಾಭಿಪ್ರಾಯ. ನನ್ನ ಮಡದಿಯ ತವರು ಶಾಫಿ. ಒಂದೇ ಮೇಜಿನಲ್ಲಿ ಅವಳ ತಟ್ಟೆ ಒಂದು ರೀತಿ, ಅಮ್ಮಿಯ ತಟ್ಟೆ ಇನ್ನೊಂದು ರೀತಿ. ಇದರಲ್ಲಿ ಜಗಳಕ್ಕೆ ಏನೂ ಇಲ್ಲ. ಸಾರಿನಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಿದ್ದರೆ ಸಾಕು. ಹುಳಿ ಬರುವಾಗ ತಾನಾಗಿ ಹುಟ್ಟುವ ಅಲ್ಪ ಮದ್ಯಸಾರದ ಮಸ್‌ಅಲಾವನ್ನು ನಿಮ್ಮ ಊರಿನ ಉಲಮಾಗಳಲ್ಲಿ ಕೇಳಿರಿ. ನಾನು ವೈದ್ಯ, ಮುಫ್ತಿಯಲ್ಲ.

ಕೊರಿಯಾದಲ್ಲಿಯೇ ಹಲಾಲ್ ಊಟ ಸಿಗುತ್ತದೆ ಎಂಬುದನ್ನೂ ತಿಳಿದಿರಬೇಕು. 1950ರಲ್ಲಿ ಆರಂಭವಾದ ಕೊರಿಯಾ ಯುದ್ಧಕ್ಕೆ ಬಂದ ತುರ್ಕಿ ಸೈನಿಕರ ಮೂಲಕ ಅಲ್ಲಿನ ಅನೇಕರು ಇಸ್ಲಾಮನ್ನು ಅರಿತರು. ಸಿಯೋಲ್ ನಗರದ ಇಟೇವಾನ್‌ನಲ್ಲಿರುವ ಕೇಂದ್ರ ಮಸೀದಿ 1976ರಲ್ಲಿ ತೆರೆಯಿತು, ಅದರ ಸುತ್ತಲ ಬೀದಿಗಳಲ್ಲಿ ಹಲಾಲ್ ಹೋಟೆಲುಗಳಿವೆ. ಕೊರಿಯಾ ಮುಸ್ಲಿಂ ಫೆಡರೇಶನ್ ಆಹಾರ ವಸ್ತುಗಳಿಗೆ ಹಲಾಲ್ ಪ್ರಮಾಣಪತ್ರ ನೀಡುತ್ತದೆ. ಆದ್ದರಿಂದ ಕೊರಿಯನ್ ಎಂದ ಮಾತ್ರಕ್ಕೆ ಹರಾಮ್ ಎಂದು ಮಕ್ಕಳ ಬಾಯಿ ಮುಚ್ಚಿಸುವುದು ಸರಿಯಲ್ಲ, ಕೋಳಿ ಎಂದ ಮಾತ್ರಕ್ಕೆ ಹಲಾಲ್ ಎಂದು ತಿಂದುಬಿಡುವುದೂ ಸರಿಯಲ್ಲ.

ಎರಡನೆಯ ಪ್ರಶ್ನೆ: ಯಾರ ಶರೀರಕ್ಕೆ?

ಮೇಜಿನ ಸುತ್ತ ಕುಳಿತವರನ್ನು ಒಮ್ಮೆ ನೋಡಿ. ಒಬ್ಬರಿಗೆ ಬಿ.ಪಿ., ಒಬ್ಬರಿಗೆ ಸಕ್ಕರೆ, ಒಬ್ಬಾಕೆ ಗರ್ಭಿಣಿ, ಒಂದು ಮಗುವಿಗೆ ನಾಲ್ಕು ವರ್ಷ. ಒಂದೇ ಸಾರು ಎಲ್ಲರಿಗೂ ಒಂದೇ ಅಲ್ಲ.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಒಂದು ಸಣ್ಣ ಚಮಚ, ಸೋಡಿಯಂ ಲೆಕ್ಕದಲ್ಲಿ 2000 ಮಿಲಿಗ್ರಾಂ. ಸೋಯಾ ರಸ, ಸೋಯಾ ಹಿಟ್ಟು, ಕಿಮ್ಚಿ, ಒಣಮೀನಿನ ರಸ ಎಲ್ಲವೂ ಉಪ್ಪಿನಿಂದಲೇ ಬಾಳುವ ಪದಾರ್ಥಗಳು. ಒಂದು ದೊಡ್ಡ ಬಟ್ಟಲು ಸಾರಿನಲ್ಲಿಯೇ ದಿನದ ಮಿತಿ ಮುಗಿದುಹೋಗಬಹುದು. ಹುಳಿ, ಖಾರ ಸೇರಿರುವುದರಿಂದ ನಾಲಿಗೆಗೆ ಉಪ್ಪು ಗೊತ್ತಾಗುವುದಿಲ್ಲ. ಉಪ್ಪು ಶರೀರದಲ್ಲಿ ನೀರನ್ನು ಹಿಡಿದಿಡುತ್ತದೆ. ಹೃದಯ ಅಥವಾ ಕಿಡ್ನಿ ದುರ್ಬಲವಾಗಿದ್ದರೆ ಆ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತದೆ. ಅಮ್ಮಿಗೆ ಆದದ್ದು ಇದೇ. ಅಂಥವರು ಅನ್ನ, ಬೇಯಿಸಿದ ತರಕಾರಿ, ಮೊಟ್ಟೆ, ಟೋಫು ತಿನ್ನಲಿ. ಸಾರಿನ ತುಂಡುಗಳನ್ನು ತಿಂದು ರಸವನ್ನು ಬಿಡಲಿ. ಕಿಮ್ಚಿ ರುಚಿಗೆ ಒಂದು ಎಸಳು ಸಾಕು.

ಕೊರಿಯಾ ಹೊಟ್ಟೆಯ ಕ್ಯಾನ್ಸರ್ ಹೆಚ್ಚಾಗಿರುವ ದೇಶಗಳಲ್ಲಿ ಒಂದು. ಎಚ್. ಪೈಲೋರಿ ಎಂಬ ರೋಗಾಣು ಮುಖ್ಯ ಕಾರಣ, ಅತಿಯಾದ ಉಪ್ಪಿನ ಆಹಾರ ಅದಕ್ಕೆ ಜೊತೆಗಾರ. ಅಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಹೊಟ್ಟೆಯ ತಪಾಸಣೆಗೆ ಸರಕಾರವೇ ವ್ಯವಸ್ಥೆ ಮಾಡಿದೆ. ಒಂದು ದಿನದ ಊಟಕ್ಕೆ ಹೆದರಬೇಕಾಗಿಲ್ಲ. ಆದರೆ ದಿನವೂ ಒಣಮೀನು, ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯದ ನಮ್ಮ ಕರಾವಳಿಯವರಿಗೂ ಇದರಲ್ಲಿ ಪಾಠವಿದೆ.

ಖಾರ: ಮೆಣಸು ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ಬಂದಂತೆ ಕೊರಿಯಾಕ್ಕೂ ಬಂತು, ಈಗ ಎರಡೂ ಕಡೆ ಅದಿಲ್ಲದೆ ಊಟವಿಲ್ಲ. ಹೋಟೆಲಿನ ಊಟದ ಖಾರವನ್ನು ನಮ್ಮವರು ತಡೆದುಕೊಳ್ಳುತ್ತಾರೆ. ಭಯ ಇರುವುದು ಮಕ್ಕಳು ಪಂಥ ಕಟ್ಟಿ ತಿನ್ನುವ ಅತಿಖಾರದ ನೂಡಲ್ಸಿನಲ್ಲಿ. 2024ರ ಜೂನ್‌ನಲ್ಲಿ ಡೆನ್ಮಾರ್ಕ್ ದೇಶ ಇಂಥ ಮೂರು ಬಗೆಯ ಕೊರಿಯನ್ ನೂಡಲ್ಸ್‌ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತು. ಅವುಗಳ ಖಾರದ ಅಂಶ ಮಕ್ಕಳಿಗೆ ಅಪಾಯವೆಂಬುದು ಕಾರಣವಾಗಿತ್ತು. ಮುಂದೆ ಕೆಲವಕ್ಕೆ ಮರಳಿ ಅನುಮತಿ ಸಿಕ್ಕಿತು. ಅಸಿಡಿಟಿ, ಹೊಟ್ಟೆಹುಣ್ಣು, ಮೂಲವ್ಯಾಧಿ ಇರುವವರು ಇದನ್ನು ಮುಟ್ಟಬಾರದು. ಬಾಯಿ ಉರಿದರೆ ನೀರು ಕುಡಿದು ಪ್ರಯೋಜನವಿಲ್ಲ, ಖಾರದ ಅಂಶ ಕೊಬ್ಬಿನಲ್ಲಿ ಕರಗುವಂಥದ್ದು. ಹಾಲು ಅಥವಾ ಮೊಸರು ಕೊಡಿ.

ಕಡಲಪಾಚಿ: ಕೊರಿಯಾದಲ್ಲಿ ಬಾಣಂತಿಗೆ ಕಡಲಪಾಚಿಯ ಸಾರು ಕೊಡುತ್ತಾರೆ, ನಮ್ಮಲ್ಲಿ ಮೆಂತೆ ಗಂಜಿ ಕೊಡುವಂತೆ. ಅದರಲ್ಲಿ ಅಯೊಡಿನ್ ಬಹಳ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೊಗ್ರಾಂ ಮಾತ್ರ, ಕೆಲವು ಪಾಚಿಗಳ ಒಂದು ಬಟ್ಟಲು ಸಾರು ಅದನ್ನು ಹಲವು ಪಟ್ಟು ದಾಟುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಸಹೋದರಿಯರು ಈ ಸಾರನ್ನು ಬಿಡುವುದು ಒಳ್ಳೆಯದು.

ಮಕ್ಕಳು, ಹಿರಿಯರು, ಗರ್ಭಿಣಿಯರು: ತೊಕ್‌ಬೊಕ್ಕಿ ಎಂಬುದು ಅಕ್ಕಿ ಹಿಟ್ಟಿನ ಅಂಟು ತುಂಡು, ರಬ್ಬರಿನಂತೆ ಜಗಿಯಬೇಕು. ಸಣ್ಣ ಮಕ್ಕಳಿಗೂ ಹಲ್ಲಿಲ್ಲದವರಿಗೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಕೊಡಲೇಬೇಕೆಂದರೆ ಚಿಕ್ಕದಾಗಿ ಕತ್ತರಿಸಿ, ಪಕ್ಕದಲ್ಲಿ ಕುಳಿತು ತಿನ್ನಿಸಿ. ಬಿಬಿಂಬಾಪ್ ಅನ್ನದ ಮೇಲೆ ಕೆಲವೆಡೆ ಹಸಿ ಮೊಟ್ಟೆ ಒಡೆದು ಹಾಕುತ್ತಾರೆ. ಪೂರ್ತಿ ಬೇಯಿಸಿ ಕೊಡಲು ಹೇಳಿ. ಗರ್ಭಿಣಿಯರು ಹಸಿ ಮೀನು, ಹಸಿ ಮಾಂಸ, ಹಸಿ ಮೊಟ್ಟೆ ಮುಟ್ಟಬಾರದು. ಎಳ್ಳು, ಸೋಯಾ, ಸೀಗಡಿ ಅಲರ್ಜಿ ಇರುವವರು ಈ ಮೇಜಿನಲ್ಲಿ ತುಂಬಾ ಎಚ್ಚರವಾಗಿರಬೇಕು. ಇವು ಇಲ್ಲದ ಬಟ್ಟಲು ಕಡಿಮೆ.

ಮಾತ್ರೆಗಳು: ಸಮ್‌ಗ್ಯೆತಂಗ್ ಎಂಬ ಕೋಳಿಸಾರಿನಲ್ಲಿ ಜಿನ್ಸೆಂಗ್ ಬೇರು ಹಾಕುತ್ತಾರೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಕುಡಿಯಬಾರದು. ಊಟಕ್ಕೆ ಹೋಗುವ ದಿನ ಬಿ.ಪಿ., ನೀರಿನ ಮಾತ್ರೆ ತಪ್ಪಿಸಬೇಡಿ. ದಾರಿಯಲ್ಲಿ ಮೂತ್ರಕ್ಕೆ ತೊಂದರೆ ಎಂದು ಹಿರಿಯರು ಹೇಳದೆ ಬಿಟ್ಟುಬಿಡುತ್ತಾರೆ. ಕೇಳಿ ನೋಡಿ. ನನ್ನ ಅಮ್ಮಿಯೂ ಬಸ್ಸಿನ ಪ್ರಯಾಣಕ್ಕೆ ಹೆದರಿ ಒಂದು ಹೊತ್ತಿನ ಮಾತ್ರೆ ಬಿಟ್ಟಿದ್ದರು ಎಂದು ಆಸ್ಪತ್ರೆಯಲ್ಲಿ ತಿಳಿಯಿತು.

ಯುನಾನಿಯ ಕಣ್ಣಿನಲ್ಲಿ

ಯುನಾನಿ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಮಿಝಾಜ್ ಇದೆ: ದಮವಿ, ಬಲ್ಗಮಿ, ಸಫ್ರಾವಿ, ಸೌದಾವಿ. ಆಹಾರಕ್ಕೂ ಮಿಝಾಜ್ ಇದೆ. ಬೆಳ್ಳುಳ್ಳಿ, ಶುಂಠಿ, ಮೆಣಸು ಮೂರೂ ಉಷ್ಣ ಮತ್ತು ಶುಷ್ಕ. ಕಫದ ಶರೀರದವರಿಗೆ ಮಳೆಗಾಲದಲ್ಲಿ ಇವು ಹಿತ. ಪಿತ್ತದ ಶರೀರದವರಿಗೆ ಬೇಸಗೆಯಲ್ಲಿ ಎದೆಯುರಿ, ಚರ್ಮದ ತುರಿಕೆ ತರುತ್ತವೆ.

ಕೊರಿಯಾದ ಹಕೀಮರೂ ಇದೇ ದಾರಿಯಲ್ಲಿ ಯೋಚಿಸಿದ್ದಾರೆ. ಹೊ ಜುನ್ ಎಂಬ ರಾಜವೈದ್ಯರ ದೊಂಗುಯಿಬೋಗಮ್ ಎಂಬ ಮಹಾಗ್ರಂಥ 1613ರಲ್ಲಿ ಮುದ್ರಣವಾಯಿತು. ಯುನೆಸ್ಕೊ 2009ರಲ್ಲಿ ಅದನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. 1894ರಲ್ಲಿ ಲೀ ಜೆ-ಮಾ ಎಂಬ ವೈದ್ಯರು ಮನುಷ್ಯರನ್ನು ನಾಲ್ಕು ಪ್ರಕೃತಿಗಳಾಗಿ ವಿಂಗಡಿಸಿ, ಒಬ್ಬರಿಗೆ ಮದ್ದಾದ ಆಹಾರ ಇನ್ನೊಬ್ಬರಿಗೆ ತೊಂದರೆಯಾಗಬಹುದು ಎಂದು ವಿವರಿಸಿದರು. ಅವರ ನಾಲ್ಕು ಮತ್ತು ನಮ್ಮ ನಾಲ್ಕು ಒಂದೇ ಅಲ್ಲ. ಆದರೆ ತಟ್ಟೆಗಿಂತ ಮೊದಲು ತಿನ್ನುವವನನ್ನು ನೋಡು ಎಂಬ ಮಾತು ಎರಡರಲ್ಲೂ ಒಂದೇ.

ಕೊರಿಯನ್ ಹೋಟೆಲುಗಳಲ್ಲಿ ನೀರಿನ ಬದಲು ಬೊರಿಚಾ ಎಂಬ ಹುರಿದ ಬಾರ್ಲಿಯ ಪಾನೀಯ ಕೊಡುವುದುಂಟು. ನಮ್ಮ ಮಾಉಶ್ಶಈರ್‌ಗೆ, ಅಂದರೆ ಹಕೀಮರು ಜ್ವರ, ಉರಿಮೂತ್ರಕ್ಕೆ ಕೊಡುವ ಬಾರ್ಲಿ ನೀರಿಗೆ, ಇದು ನೆಂಟ. ಬಾರ್ಲಿ ಯುನಾನಿಯಲ್ಲಿ ಶೀತ ಗುಣದ್ದು, ಖಾರದ ಊಟಕ್ಕೆ ಒಳ್ಳೆಯ ಜೊತೆ. ಸೋಡಾ, ಕೋಲಾಗಳ ಬದಲು ಇದನ್ನು ಕೇಳಿ.

ಕೇಳಬೇಕಾದ ಮಾತುಗಳು

ಹೋಗುವ ಮೊದಲೇ ಫೋನ್ ಮಾಡಿ ಕೇಳಿದರೆ ಒಳ್ಳೆಯದು. ಜನ ತುಂಬಿದ ಹೊತ್ತಿನಲ್ಲಿ ಬಡಿಸುವವರಿಗೂ ಉತ್ತರಿಸಲು ಪುರುಸೊತ್ತು ಇರುವುದಿಲ್ಲ.

1. ಮಾಂಸ ಹಲಾಲ್ ಆಗಿದೆಯೇ, ಪ್ರಮಾಣಪತ್ರ ಇದೆಯೇ?
2. ಹಂದಿಮಾಂಸಕ್ಕೆ ಹೆಂಚು, ಎಣ್ಣೆ, ಕತ್ತರಿ, ಇಕ್ಕಳ ಬೇರೆಯೇ?
3. ಮಾಂಸ ನೆನೆಸುವ ರಸಕ್ಕೆ ವೈನ್, ಮಿರಿನ್ ಹಾಕುತ್ತೀರಾ?
4. ಸಾರಿನ ಮೂಲ ರಸ ಯಾವುದರದ್ದು: ಮೂಳೆಯೇ, ಮೀನೇ, ಪಾಚಿಯೇ?
5. ಕಿಮ್ಚಿಯಲ್ಲಿ ಸೀಗಡಿ ಅಥವಾ ಮೀನಿನ ರಸ ಇದೆಯೇ?
6. ಉಪ್ಪು ಕಡಿಮೆ, ಸೋಯಾ ರಸ ಬೇರೆ ಬಟ್ಟಲಿನಲ್ಲಿ ಕೊಡಬಹುದೇ?

ಉತ್ತರ ತೃಪ್ತಿಯಾಗದಿದ್ದರೆ ಸಂಶಯದ್ದನ್ನು ಬಿಟ್ಟುಬಿಡಿ. ಹೊಸ ಬಾಣಲೆಯಲ್ಲಿ ತರಕಾರಿ, ಬೇಯಿಸಿದ ಮೊಟ್ಟೆ ಹಾಕಿದ ಬಿಬಿಂಬಾಪ್ ಮಾಡಿಸಿ, ಕೆಂಪು ಖಾರದ ಹಿಟ್ಟನ್ನು ಅದರ ಡಬ್ಬದ ಲೇಬಲ್ ನೋಡಿದ ಮೇಲೆ ತೆಗೆದುಕೊಳ್ಳಿ.

ಮನೆಗೆ ತರುವ ನೂಡಲ್ಸ್ ಪ್ಯಾಕೆಟಿನ ಬಗ್ಗೆಯೂ ಎರಡು ಮಾತು. ಹಸಿರು ಗುರುತು ಪ್ರಾಣಿಜನ್ಯ ಮಾಂಸ, ಮೀನು ಇಲ್ಲ ಎಂದು ಹೇಳುತ್ತದೆ, ಮದ್ಯಸಾರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಂದು ಗುರುತು ಇದ್ದರೆ ಹಲಾಲ್ ಮುದ್ರೆ ಹುಡುಕಿ. ಕೊರಿಯಾ, ಮಲೇಶ್ಯ, ಇಂಡೋನೇಶ್ಯದ ಮುದ್ರೆಗಳು ಕೆಲವು ಪ್ಯಾಕೆಟುಗಳಲ್ಲಿ ಇರುತ್ತವೆ. ಒಂದೇ ಕಂಪನಿಯ ಒಂದು ಬಗೆಗೆ ಮುದ್ರೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು, ಪ್ರತಿ ಸಲ ನೋಡಬೇಕು. ಸೋಡಿಯಂ ಸಾಲನ್ನೂ ಓದಿ. ಒಂದೇ ಪ್ಯಾಕೆಟಿನಲ್ಲಿ 1500 ಮಿಲಿಗ್ರಾಂ ದಾಟುವುದು ಸಾಮಾನ್ಯ. ಮಸಾಲೆ ಪುಡಿ ಅರ್ಧ ಹಾಕಿ, ಮೊಟ್ಟೆ, ಸೊಪ್ಪು ಸೇರಿಸಿ, ರಸ ಚೆಲ್ಲಿ. ಮಕ್ಕಳಿಗೆ ತಿಂಗಳಿಗೆ ಒಂದೆರಡು ಸಲ ಸಾಕು.

ಊಟವಾದ ರಾತ್ರಿ ಹೃದಯ, ಕಿಡ್ನಿ ತೊಂದರೆ ಇರುವ ಹಿರಿಯರಿಗೆ ಮಲಗಿದಾಗ ಉಸಿರು ಕಟ್ಟಿದರೆ, ಕಾಲು ದಿಢೀರನೆ ಊದಿದರೆ, ಒಂದೆರಡು ದಿನದಲ್ಲಿ ತೂಕ ಎರಡು ಕಿಲೊ ಏರಿದರೆ ಕಷಾಯ ಮಾಡುತ್ತಾ ಕೂರಬೇಡಿ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈ ಸಲ ರಜೆಗೆ ಮನೆಗೆ ಬಂದ ಮಗಳು ಹೆಬ್ರಿಯ ಅಡುಗೆಮನೆಯಲ್ಲೇ ಬಿಬಿಂಬಾಪ್ ಮಾಡಿದಳು. ಕುಚ್ಚಲಕ್ಕಿ ಅನ್ನ, ಬಸಳೆ, ಕ್ಯಾರೆಟ್, ಮುಳ್ಳುಸೌತೆ, ಮೇಲೆ ಬೇಯಿಸಿದ ಮೊಟ್ಟೆ, ಸ್ವಲ್ಪ ಎಳ್ಳೆಣ್ಣೆ. ದಾದಿಯ ತಟ್ಟೆಗೆ ಉಪ್ಪು ಹಾಕಲಿಲ್ಲ, ನಿಂಬೆ ಹಿಂಡಿದಳು. ಅಮ್ಮಿ ಬಿಸ್ಮಿಲ್ಲಾ ಹೇಳಿ ಒಂದು ತುತ್ತು ತಿಂದು, "ಇದೇನು, ನಮ್ಮ ಮನೆಯ ಕಲಸನ್ನವೇ ಅಲ್ವಾ" ಎಂದರು. ಮಗಳಿಗೆ ಸ್ವಲ್ಪ ಬೇಸರವಾಯಿತು. ತಟ್ಟೆ ಮಾತ್ರ ಖಾಲಿಯಾಯಿತು.